ಪ್ರೇಮಮ್ಮ ಬೇಡವೆಂದ ಸೂಜಿ

ಬೆಸೆಂಟ್ ನಗರದ ಆ ಬೀದಿಯಲ್ಲಿ ಹಸುಗೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಪ್ರೇಮಮ್ಮನನ್ನೇ ಕರೆಯುತ್ತಿದ್ದರು. ಮಗ ಗಂಗಾಧರನಿಗೆ ಮದರಾಸಿಗೆ ವರ್ಗವಾದಾಗ ಮಳವಳ್ಳಿ ಕಡೆಯಿಂದ ಬಂದವರು. ತಮಿಳು ಬಾರದಿದ್ದರೂ ಕೂಸುಗಳ ಮೈ ತಿಳಿಯುತ್ತಿತ್ತು. ತಿಂಗಳು ತುಂಬಿಯೂ ತೀರಾ ಸಣ್ಣದಾಗಿ ಹುಟ್ಟಿದ ಮೊಮ್ಮಗಳು ಸಂಹಿತಾ ಉಳಿದದ್ದು ಅವರ ಕೈಗುಣದಿಂದಲೇ ಎಂದು ಸೊಸೆ ವಂದನಾ ಎಲ್ಲರಿಗೂ ಹೇಳುತ್ತಿದ್ದಳು.

ಮಗು ಉಳಿಯಿತು, ಬೆಳೆಯಲಿಲ್ಲ. ಐದು ತುಂಬಿದಾಗಲೂ ಮೂರರ ಮಗುವಿನ ಫ್ರಾಕು ಸರಿಹೋಗುತ್ತಿತ್ತು. ಎಗ್ಮೋರಿನ ಮಕ್ಕಳಾಸ್ಪತ್ರೆಯ ಡಾಕ್ಟರು ವಂದನಾಗೆ ಬಿಡಿಸಿ ಹೇಳಿದರು: ಸಣ್ಣದಾಗಿ ಹುಟ್ಟಿದ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷದೊಳಗೆ ಓರಗೆಯವರ ಸಮಕ್ಕೆ ಬರುತ್ತಾರೆ, ಇವಳು ಬಂದಿಲ್ಲ, ದಿನಾ ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಕೊಡಬೇಕು, ಈಗಲೇ ಶುರುಮಾಡಬೇಕು.

"ಆಡೋ ಕೂಸಿಗೆ ದಿನಾ ಸೂಜಿ ಚುಚ್ತೀರಾ?" ಎಂದರು ಪ್ರೇಮಮ್ಮ. "ನಾನೂ ಇಷ್ಟೇ ಇದ್ದೆ ಕಣವ್ವ. ಕುಳ್ಳಿ ಅಂತಿದ್ರು. ಮೈನೆರೆದ ಮೇಲೆ ಗೇಣುದ್ದ ಎದ್ದೆ. ನಮ್ ವಂಶದ ಹೆಣ್ಮಕ್ಳು ಆಮೇಲೇ ಬೆಳೆಯೋದು."

"ಕಾಯಬಾರದು ಅಂದ್ರು ಅತ್ತೆ."

"ಆ ಡಾಕ್ಟ್ರು ಎಷ್ಟು ಕೂಸಿಗೆ ನೀರು ಹಾಕವ್ನೆ?"

ಗಂಗಾಧರ ನಕ್ಕುಬಿಟ್ಟ. ಆ ನಗುವಿನಲ್ಲೇ ಇಂಜೆಕ್ಷನ್ನಿನ ಮಾತು ಮುಗಿದುಹೋಯಿತು.

ಹತ್ತು ತುಂಬುತ್ತಲೇ ಸಂಹಿತಾ ಮೈನೆರೆದಳು. ಪ್ರೇಮಮ್ಮ ಸಂಭ್ರಮದಿಂದ ಆರತಿ ಮಾಡಿಸಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿದರು. ಆಗಾಗ ಹುಡುಗಿಯನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ನೋಡುವರು. ಮೊದಲ ವರ್ಷ ತುಸು ಎದ್ದಳು. ಆಮೇಲೆ ನಿಂತೇಹೋಯಿತು.

ಹದಿನಾಲ್ಕಕ್ಕೆ ಮತ್ತೆ ಅದೇ ಡಾಕ್ಟರು. ಈ ಸಲ ಪ್ರೇಮಮ್ಮನೂ ಹೋದರು. ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ತಮಿಳಿನಲ್ಲಿ ಹೇಳಿದ್ದನ್ನು ವಂದನಾ ಅತ್ತೆಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಮೈನೆರೆದ ಮೇಲೆ ಹೆಣ್ಣುಮಕ್ಕಳ ಮೂಳೆಯ ತುದಿಗಳು ಕೂಡಿಕೊಳ್ಳತೊಡಗುತ್ತವೆ. ಇವಳವು ಕೂಡಿಬಿಟ್ಟಿವೆ, ಕೂಡಿದ ಮೇಲೆ ಮೂಳೆ ಉದ್ದವಾಗದು. ಇನ್ನು ಇಂಜೆಕ್ಷನ್ ಕೊಟ್ಟು ಪ್ರಯೋಜನವಿಲ್ಲ. ತನ್ನದೆಂದು ಒಂದು ಮಾತನ್ನೂ ವಂದನಾ ಸೇರಿಸಲಿಲ್ಲ.

"ಎರಡರಷ್ಟು ಕೊಟ್ರೆ? ಕೇಳವ್ವ."

ವಂದನಾ ಕೇಳಿದಳು. ಡಾಕ್ಟರು ಆಗದೆಂದು ತಲೆಯಲ್ಲಾಡಿಸಿದರು.

ಆಟೋದಲ್ಲಿ ಪ್ರೇಮಮ್ಮ ಮೊಮ್ಮಗಳ ಕೈ ಹಿಡಿದುಕೊಂಡರು. "ನಾನೇ ಅಡ್ಡ ಬಂದೆ ಮಗ."

"ವಿಡು ಅಜ್ಜಿ," ಎಂದಳು ಸಂಹಿತಾ ಎಂದಿನಂತೆ ತಮಿಳಿನಲ್ಲಿ, ಹೋಗಲಿ ಬಿಡು ಎನ್ನುವಂತೆ. ಬಸ್ಸಿನಲ್ಲಿ ತನಗೆ ಇನ್ನೂ ಅರ್ಧ ಟಿಕೀಟೇ ಕೊಡುತ್ತಾರೆಂದು ನಕ್ಕಳು.

ಪ್ರೇಮಮ್ಮನಿಗೆ ನಗಲಾಗಲಿಲ್ಲ. ಸೊಸೆ ಒಂದು ಸಲ ಬೈದುಬಿಡಲಿ ಎಂದು ಕಾದರು. ವಂದನಾ ಹೊರಗೆ ನೋಡುತ್ತ, ಆಟೋದವನಿಗೆ ತಮಿಳಿನಲ್ಲಿ ಮನೆಯ ದಾರಿ ಹೇಳುತ್ತ ಹೋದಳು.