ಒಂದು ನಿಮಿಷ ಹುಡುಕಬೇಕು

ಚನ್ನವೀರನಿಗೆ ಮೀನು ನೋಡುವ ಹುಚ್ಚೇನೂ ಇರಲಿಲ್ಲ. ಲಿಂಗವಂತರ ಮನೆಯಲ್ಲಿ ಹುಟ್ಟಿದವನು; ಮೀನಿನೊಂದಿಗೆ ತಿನ್ನುವ ನಂಟೂ ಇಲ್ಲ, ನೋಡುವ ನಂಟೂ ಇಲ್ಲ. ಜಮಖಂಡಿ ಕಡೆಯಿಂದ ಪುಣೆಗೆ ಬಂದು, ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿ ತಲೆ ನೆರೆಸಿಕೊಂಡವನು. ಇಂಥವನು ಐವತ್ತು ದಾಟಿದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯಲು ಕಲಿತದ್ದೇಕೆ ಎಂದರೆ ಜನ ನಂಬುವುದಿಲ್ಲ. ಆದರೂ ಹೇಳಿಬಿಡುತ್ತೇನೆ. ತನ್ನ ಗುಂಡಿ, ಪಟ್ಟಿ ಸರಿಯಾಗಿವೆಯೇ ಎಂದು ಯಾರಾದರೊಬ್ಬರು ಮುಟ್ಟಿ ನೋಡಲಿ ಎಂದು.

ಹೆಂಡತಿ ನರ್ಮದಾ ಇದ್ದಷ್ಟು ದಿನ ಅದು ಬೆಳಗಿನ ರೂಢಿಯಾಗಿತ್ತು. ಅವನು ಲಿಂಗಪೂಜೆ ಮುಗಿಸಿ, ಅಂಗಿ ತೊಟ್ಟು ಹೊಸ್ತಿಲ ಬಳಿ ನಿಂತರೆ ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಬರುವಳು. ಕಾಲರು ಮಡಿಸುವಳು, ಗುಂಡಿ ನೋಡುವಳು, ಕಡೆಗೆ ಅಂಗಿಯ ಮೇಲಿಂದಲೇ ಅವನ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಅಂಗೈಯಿಂದ ಒತ್ತಿ ನೋಡುವಳು. ಒಳಗೆ ಇಷ್ಟಲಿಂಗ ಭದ್ರವಾಗಿದೆ ಎಂದು ಖಾತ್ರಿಯಾದ ಮೇಲೆ, “ಎಲ್ಲಾ ಬರೋಬರಿ ಅದ. ಹೋಗಿ ಬರ್ರಿ,” ಎನ್ನುವಳು.

2003ರ ಮಳೆಗಾಲದಲ್ಲಿ ಕಾಮಾಲೆ ಬಂದು ನರ್ಮದಾ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೊಂದು ಚಳಿಗಾಲದಲ್ಲಿ ಚನ್ನವೀರ ಸ್ವೆಟರನ್ನು ತಿರುವುಮುರುವಾಗಿ ತೊಟ್ಟು ಕಾರ್ಖಾನೆಗೆ ಹೋದ. ಗೇಟಿನವನು ನೋಡಿದ, ಸಾಹೇಬ ನೋಡಿದ, ಪಕ್ಕದ ಮೇಜಿನವನು ಚಹಾ ಕುಡಿಯುತ್ತ ಎದುರಿಗೇ ಕೂತಿದ್ದ. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಮನೆಯಲ್ಲಿ ಕಳಚುವಾಗ ಹೊಲಿಗೆ ಹೊರಗಿರುವುದು ಅವನ ಕಣ್ಣಿಗೆ ಬಿತ್ತು. ಹೆಂಡತಿ ಸತ್ತಾಗ ಮಂದಿಯ ಮುಂದೆ ಅಳದವನು ಅಂದು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ.

ಮೊಣಕಾಲು ನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ಅವನು ಭಾನುವಾರ ನಿಗಡಿಯ ಈಜುಕೊಳಕ್ಕೆ ಹೋಗತೊಡಗಿದ. ಅಲ್ಲೇ ಅಕ್ಕ ಕಲ್ಲವ್ವನ ಮನೆ. ಈಜು ಮುಗಿಸಿ ಅವಳಲ್ಲಿ ಊಟ. ಕೊಳದ ಆಳದ ತುದಿಯಲ್ಲಿ ಸದಾನಂದ ಎಂಬ ನಿವೃತ್ತ ನೌಕಾದಳದವನು ಒಂದಿಷ್ಟು ಜನರಿಗೆ ಸ್ಕೂಬಾ ಕಲಿಸುತ್ತಿದ್ದ. ನೀರಿಗಿಳಿಯುವ ಮೊದಲು ಅವರು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲುತ್ತಿದ್ದರು. ಒಬ್ಬ ಇನ್ನೊಬ್ಬನ ಹೆಗಲ ಪಟ್ಟಿ ಜಗ್ಗುವುದು, ಎದೆಯ ಕೊಂಡಿ ಒತ್ತುವುದು, ಸಿಲಿಂಡರ್ ಅಲುಗಾಡಿಸುವುದು. ಆಮೇಲೆ ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿ ತೋರಿಸುವುದು: ಎಲ್ಲಾ ಸರಿ. ಚನ್ನವೀರ ಒದ್ದೆ ಚಡ್ಡಿಯಲ್ಲಿ ನಿಂತು ನೋಡಿದ್ದೇ ನೋಡಿದ್ದು. ಮರುವಾರವೇ ಹೆಸರು ಹಚ್ಚಿದ.

“ಅರವತ್ತಕ್ಕ ಅರಳು ಮರಳು ಅಂತಾರ. ನಿನಗ ಐವತ್ತಕ್ಕs ಬಂತೇನೋ, ತಮ್ಮಾ?” ಎಂದಳು ಕಲ್ಲವ್ವ.

“ಮೊಣಕಾಲಿಗೆ ಛಲೋ ಅಂತ, ಅಕ್ಕ,” ಎಂದ. ಬೇರೆ ಏನು ಹೇಳಿಯಾನು!

ತರಬೇತಿಯಲ್ಲಿ ಅವನಿಗೆ ಜೋಡಿಯಾಗಿ ಸಿಕ್ಕವನು ಸ್ವಪ್ನಿಲ್. ಖರಾಡಿಯ ಕಂಪ್ಯೂಟರ್ ಕಚೇರಿಯಲ್ಲಿ ಕೆಲಸ, ಅಪ್ಪ-ಅಮ್ಮ ಬೆಳಗಾವಿ ಕಡೆಯವರು, ಹುಟ್ಟಿ ಬೆಳೆದದ್ದು ಪುಣೆ. ಹುಡುಗ ಕೆಟ್ಟವನಲ್ಲ. “ಕಾಕಾ, ಕಾಕಾ” ಎನ್ನುತ್ತ ಪಟ್ಟಿ ಜಗ್ಗಿ ನೋಡುತ್ತಿದ್ದ. ಪರೀಕ್ಷೆ ನಡೆದದ್ದು ಊರ ಹೊರಗಿನ ನೀರು ತುಂಬಿದ ಹಳೆಯ ಕಲ್ಲುಗಣಿಯಲ್ಲಿ. ಅಲ್ಲಿನ ನೀರು ರಾಡಿ; ಚಾಚಿದ ಕೈ ಕೂಡ ಕಾಣುತ್ತಿರಲಿಲ್ಲ. ಸ್ವಪ್ನಿಲ್ ಹೆದರಿ ಇಳಿದಾಗಿನಿಂದ ಏರುವವರೆಗೂ ಚನ್ನವೀರನ ಮಣಿಕಟ್ಟು ಹಿಡಿದುಕೊಂಡೇ ಇದ್ದ. ಆ ಹಿಡಿತದ ಕೆಂಪು ಗುರುತು ಸಂಜೆಯವರೆಗೂ ಉಳಿದಿತ್ತು. ಚನ್ನವೀರ ಬಸ್ಸಿನಲ್ಲಿ ಅದನ್ನು ನೋಡಿಕೊಳ್ಳುತ್ತ ಬಂದ. ಇಬ್ಬರೂ ಪಾಸಾದರು, ಫೋಟೋ ಅಂಟಿಸಿದ ಕಾರ್ಡು ಬಂತು.

“ಮೊದಲನೇ ಸಮುದ್ರದ ಟ್ರಿಪ್ ನಾವಿಬ್ರೂ ಕೂಡೇ, ಕಾಕಾ. ಪಕ್ಕಾ,” ಎಂದಿದ್ದ ಸ್ವಪ್ನಿಲ್.

ಸದಾನಂದ ಕಲಿಸಿದ್ದರಲ್ಲಿ ಚನ್ನವೀರನ ಎದೆಗೆ ನಾಟಿದ್ದು ಒಂದು ನಿಯಮ. ಸದಾನಂದ ಕಾರವಾರದವನು, ಮಾತು ಖಡಕ್ಕು. “ನೀರಲ್ಲಿ ಒಬ್ಬನೇ ಅನ್ನುವವ ಇಲ್ಲ ಮಾರಾಯ್ರೆ. ಜೋಡಿ ಕಾಣದಿದ್ದರೆ ಇದ್ದಲ್ಲೇ ಸುತ್ತಮುತ್ತ ಒಂದು ನಿಮಿಷ ಹುಡುಕಬೇಕು. ಸಿಗಲಿಲ್ಲವಾ, ನಿಧಾನಕ್ಕೆ ಮೇಲೆ ಬನ್ನಿ. ಅವನೂ ಅದನ್ನೇ ಮಾಡ್ತಾನೆ. ಇಬ್ಬರೂ ಮೇಲೆ ಸಿಗ್ತೀರಿ.” ಇನ್ನೊಂದು ಮಾತನ್ನೂ ಸೇರಿಸಿದ್ದ: “ಸರಿ ಇದ್ದೀಯಾ ಎಂದು ಉಂಗುರ ಮಾಡಿ ಕೇಳಿದರೆ ಸುಳ್ಳು ಹೇಳಬಾರದು. ಅದಕ್ಕೇ ಜನ ಸತ್ತಿದ್ದಾರೆ.”

ತಾನು ಕಾಣದಾದರೆ ಒಬ್ಬ ಮನುಷ್ಯ ಮಾಡುವ ಕೆಲಸ ಬಿಟ್ಟು ಒಂದು ನಿಮಿಷ ತನ್ನನ್ನು ಹುಡುಕುತ್ತಾನೆ. ಹಾಗೆಂದು ನಿಯಮವೇ ಇದೆ! ಖಡಕಿ ಬಜಾರಿನ ಎರಡು ಕೋಣೆಯ ಮನೆಯಲ್ಲಿ ಒಲೆ ಹಚ್ಚುವಾಗ, ದೀಪ ಆರಿಸುವಾಗ ಚನ್ನವೀರ ಅದನ್ನು ನೆನೆದು ಖುಷಿಪಡುತ್ತಿದ್ದ. ನಗಬೇಡಿ. ನಾಲ್ಕು ವರ್ಷ ಯಾರೂ ಹುಡುಕದೆ ಇದ್ದವನ ಲೆಕ್ಕವೇ ಬೇರೆ.

2007ರ ಡಿಸೆಂಬರಿನಲ್ಲಿ ಮಾಲ್ವಣದ ಕಡಲತೀರಕ್ಕೆ ಹೋಗುವುದೆಂದಾಯಿತು. ಚನ್ನವೀರ ಕಲ್ಲವ್ವನಿಂದ ಶೇಂಗಾ ಹೋಳಿಗೆ ಮಾಡಿಸಿಕೊಂಡು ಬಂದ, ಸ್ವಪ್ನಿಲ್‌ಗೆಂದು. ಮಿನಿಬಸ್ಸು ಹತ್ತಿದರೆ ಸ್ವಪ್ನಿಲ್‌ನ ಪಕ್ಕದಲ್ಲಿ ಒಬ್ಬಳು ಹುಡುಗಿ ಕೂತಿದ್ದಳು.

“ಕಾಕಾ, ಇಕಿ ಮಾಧುರಿ. ನಮ್ಮದು ಮೊನ್ನೆ ನಿಶ್ಚಯ ಆತು. ಇಕಿನೂ ಬ್ಯಾರೆ ಬ್ಯಾಚಿನ್ಯಾಗ ಪಾಸ್ ಆಗ್ಯಾಳ,” ಎಂದ ಸ್ವಪ್ನಿಲ್. ಮಾಧುರಿ ಎದ್ದು ಕಾಲಿಗೆ ನಮಸ್ಕಾರ ಮಾಡಿದಳು.

“ಭಾಳ ಛಲೋ ಆತು, ತಂಗಿ,” ಎಂದು ಚನ್ನವೀರ ಹೋಳಿಗೆ ಡಬ್ಬಿಯನ್ನು ಅವಳ ಕೈಗೇ ಕೊಟ್ಟು ಹಿಂದಿನ ಸೀಟಿಗೆ ಹೋಗಿ ಕೂತ. ಖುಷಿಯ ಸುದ್ದಿಯೇ. ಆದರೆ “ನಾವಿಬ್ರೂ ಕೂಡೇ, ಪಕ್ಕಾ” ಎಂದದ್ದು ನೆನಪಾಗಿ ಚುಚ್ಚಿತು. ಆ ಹುಡುಗನ ಮೇಲೆ ಸಿಟ್ಟು ಮಾಡುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದುದರಿಂದ ಇನ್ನೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಸದಾನಂದ ಜೋಡಿ ಹಂಚಿದ. ಒಟ್ಟು ಬೆಸ ಸಂಖ್ಯೆ, ಉಳಿದವನು ಚನ್ನವೀರ. “ಚನ್ನವೀರಣ್ಣ, ನೀವು ಸ್ವಪ್ನಿಲ್-ಮಾಧುರಿ ಜೊತೆ. ಮೂವರು,” ಎಂದ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ಅದು ತಾನೇ ಎಂದು ಚನ್ನವೀರನಿಗೆ ಅನಿಸಿತು.

ಅಷ್ಟರಲ್ಲಿ ಸದಾನಂದನ ಕಣ್ಣು ಕರಡಿಗೆಯ ಮೇಲೆ ಬಿತ್ತು. ಈಜುಕೊಳದಲ್ಲಿ, ಗಣಿಯಲ್ಲಿ ಬನಿಯನ್ನಿನೊಳಗೆ ಹೇಗೋ ನಡೆದುಹೋಗಿತ್ತು. “ಕೊರಳಲ್ಲಿ ಏನೂ ಬೇಡ. ಗಾಳಿಯ ಕೊಳವೆಗೆ ಸುತ್ತಿಕೊಂಡರೆ ಕಷ್ಟ. ದೋಣಿಯವನ ಹತ್ತಿರ ಕೊಡಿ, ಇಲ್ಲಾ ಜಾಕೆಟ್ಟಿನ ಜೇಬಿಗೆ ಹಾಕಿ,” ಎಂದ.

ಇಷ್ಟಲಿಂಗವನ್ನು ಮೈಯಿಂದ ಅಗಲಿಸುವಂತಿಲ್ಲ. ಕಂಡವರ ಕೈಗೆ ಕೊಡುವುದಂತೂ ದೂರದ ಮಾತು. ಜಾಕೆಟ್ಟಿನ ಜೇಬು ಸೊಂಟದ ಬಳಿ ಇತ್ತು, ಹೊಕ್ಕಳ ಕೆಳಗೆ ಲಿಂಗ ಇಳಿಯಬಾರದು. ನರ್ಮದಾ ಇದ್ದಿದ್ದರೆ ಅವಳ ಕೈಯಲ್ಲಿಡಬಹುದಿತ್ತು. ಚನ್ನವೀರ ಒಂದು ಗಳಿಗೆ ಯೋಚಿಸಿ, ಲಿಂಗವನ್ನು ಕರಡಿಗೆಯಿಂದ ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿ ಎಡ ರಟ್ಟೆಗೆ ಕಟ್ಟಿಕೊಂಡ. ಅವನ ಅಜ್ಜ ಈಜಲು ಬಾವಿಗೆ ಹಾರುವಾಗ ಹಾಗೇ ಕಟ್ಟಿಕೊಳ್ಳುತ್ತಿದ್ದ. ಅಜ್ಜನಿಗೆ ಗಂಟು ಹಾಕಲು ಮನೆಮಂದಿ ಇದ್ದರು. ಇವನು ಒಂದು ತುದಿ ಹಲ್ಲಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಬಿಗಿದ.

ಇನ್ನು ತಪಾಸಣೆ. ಸ್ವಪ್ನಿಲ್ ಮಾಧುರಿಯ ಪಟ್ಟಿ ಜಗ್ಗಿದ, ಮಾಧುರಿ ನಗುತ್ತ ಅವನ ಕೊಂಡಿ ಒತ್ತಿದಳು. ಚನ್ನವೀರ ಎರಡೂ ಕೈ ಸ್ವಲ್ಪ ಅಗಲಿಸಿ ತನ್ನ ಸರದಿಗೆ ಕಾಯುತ್ತ ನಿಂತ.

“ಕಾಕಾ, ಬರೋಬರ್ ಅದ ಅಲ್ರೀ ಎಲ್ಲಾ?” ಎಂದು ಸ್ವಪ್ನಿಲ್ ಅಲ್ಲಿಂದಲೇ ಕೂಗಿದ.

“ಅದಪ್ಪಾ,” ಎಂದು ಚನ್ನವೀರ ಕೈ ಇಳಿಸಿದ.

ಕೆಳಗೆ ನೀರು ಗಣಿಯ ನೀರಿನಂತಿರಲಿಲ್ಲ. ತಿಳಿಯಾಗಿತ್ತು; ಬಂಡೆ, ಮರಳು, ಹಳದಿ ಪಟ್ಟೆಯ ಮೀನಿನ ಹಿಂಡು ಎಲ್ಲ ಕಾಣುತ್ತಿದ್ದವು. ಮೀನಿಗಾಗಿ ಬಾರದವನು ಕೂಡ ಬೆರಗಾಗಿ ನೋಡಿದ. ಸ್ವಪ್ನಿಲ್, ಮಾಧುರಿ ಕೈ ಕೈ ಹಿಡಿದು ಮುಂದೆ, ಚನ್ನವೀರ ಹಿಂದೆ. ಸದಾನಂದ ಕಿವಿನೋವೆಂದು ನಿಂತ ಇನ್ನೊಬ್ಬಾಕೆಯನ್ನು ಸಂಭಾಳಿಸುತ್ತ ಅತ್ತ ಉಳಿದಿದ್ದ.

ರಟ್ಟೆ ಹಗುರಾಯಿತು. ನೋಡಿದರೆ ಬಿಳಿ ವಸ್ತ್ರ ಬಿಚ್ಚಿ ನೀರಿನಲ್ಲಿ ತೇಲುತ್ತಿತ್ತು. ಕಪ್ಪು ಲಿಂಗ ಕೆಳಗೆ ಬೀಳುತ್ತಿತ್ತು.

ಎಂಟನೆಯ ವಯಸ್ಸಿನಲ್ಲಿ ಮಠದ ಅಯ್ಯನವರು ಕಟ್ಟಿದ ಲಿಂಗ. ಅದು ಹೋದರೆ ಪ್ರಾಣ ಹೋದ ಹಾಗೆ ಎಂದು ಕೇಳಿಯೇ ಬೆಳೆದವನು. ಮುಂದಿನವರನ್ನು ಕರೆಯಬೇಕಿತ್ತು, ಸಿಲಿಂಡರಿಗೆ ಟಣ್ ಟಣ್ ಎಂದು ಬಡಿದರೆ ಸಾಕಿತ್ತು. ಅದೂ ತೋಚದೆ ತಲೆ ಕೆಳಗಾಗಿ ಧುಮುಕಿದ. ಬಂಡೆಯ ಬುಡದ ಮರಳಿನಲ್ಲಿ ಕೈಯಾಡಿಸಿದ. ಮರಳೆದ್ದು ಕಣ್ಣಿಗೆ ಏನೂ ಕಾಣದಾಯಿತು. ಜೀವವೇ ಬಾಯಿಗೆ ಬಂದಂತಿರುವಾಗ ಬೆರಳಿಗೆ ನುಣ್ಣಗೆ ತಾಗಿತು. ಮುಷ್ಟಿಯಲ್ಲಿ ಹಿಡಿದು ತಲೆ ಎತ್ತಿದ.

ಯಾರೂ ಇರಲಿಲ್ಲ.

ಅವನಿಗೆ ಹೆದರಿಕೆಯಾಗಲಿಲ್ಲ. ನಿಯಮ ಇತ್ತಲ್ಲ! ಇದ್ದಲ್ಲೇ ಸುತ್ತ ತಿರುಗಿ ನೋಡಿದ, ಒಂದು ನಿಮಿಷ. ಆಮೇಲೆ ನಿಧಾನವಾಗಿ ಮೇಲೆ ಬಂದ. ಈಗ ಅವರೂ ಹಿಂತಿರುಗಿ ನೋಡುತ್ತಾರೆ, ಹುಡುಕುತ್ತಾರೆ, ಗಾಬರಿಯಾಗಿ ಮೇಲೆ ಬರುತ್ತಾರೆ, “ಎಲ್ಲಿ ಹೋಗಿದ್ರಿ, ಕಾಕಾ?” ಎಂದು ಬೈಯುತ್ತಾರೆ. ಬೈಸಿಕೊಳ್ಳಲು ಅವನು ತಯಾರಾಗಿದ್ದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆಸೆಯಿಂದಿದ್ದ.

ದೋಣಿಯವನು ಕೈಕೊಟ್ಟು ಎಳೆದುಕೊಂಡ. “ಒಬ್ಬರೇ ಏನು?” ಎಂದು ಮರಾಠಿಯಲ್ಲಿ ಕೇಳಿದ.

“ಬರ್ತಾರೆ ಅವರೂ,” ಎಂದು ಚನ್ನವೀರ ಮರಾಠಿಯಲ್ಲೇ ಉತ್ತರಿಸಿದ.

ಅಂಚಿಗೆ ಕೂತು ನೀರು ನೋಡಿದ. ಅಲ್ಲಿಂದ ಸ್ವಲ್ಪ ದೂರದಲ್ಲಿ ಎರಡು ಸಾಲು ಗುಳ್ಳೆಗಳು ಏಳುತ್ತಿದ್ದವು, ಅಕ್ಕಪಕ್ಕ. ಅವು ಸಮುದ್ರದ ನಡುವಿನ ಹಳೆಯ ಕೋಟೆಯ ದಿಕ್ಕಿಗೆ ಸಾಗುತ್ತಿದ್ದವು. ಹುಡುಕುವವರ ಗುಳ್ಳೆ ನಿಲ್ಲಬೇಕು, ತಿರುಗಬೇಕು, ಸುತ್ತು ಹಾಕಬೇಕು. ಅವು ನಿಲ್ಲಲಿಲ್ಲ. ಒಂದು ಸಲ ನಿಂತಾಗ ಚನ್ನವೀರ ಎದ್ದೇ ನಿಂತ. ಅಲ್ಲೇನೋ ನೋಡುವಂಥದ್ದು ಇದ್ದಿರಬೇಕು. ಮತ್ತೆ ಮುಂದೆ ಹೋದವು. ಒಂದು ನಿಮಿಷವೂ ಕಳೆಯಿತು, ಅಂಥವೆಷ್ಟೋ ಕಳೆದವು. ಬೆನ್ನಿನ ನೀರು ಆರಿ ಉಪ್ಪು ಚುರುಗುಟ್ಟತೊಡಗಿತು.

ಜೋಡಿ ಬಿಟ್ಟವನು ಅವನೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಅವನೇ. ಅವನಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಾಯುವುದು ಬಿಡುತ್ತದೆಯೇ? ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಲಿಂಗಕ್ಕೆ ಮರಳು ಮೆತ್ತಿತ್ತು. ಪೂಜೆಗೆ ಹಿಡಿಯುವ ಹಾಗೆ ಎಡ ಅಂಗೈಯಲ್ಲಿ ಹಿಡಿದು ಬೆರಳಿನಿಂದ ಮರಳು ಒರೆಸಿದ.

“ನೀ ಬಿದ್ದಿ. ನಾ ಹುಡುಕಿಕೋತ ಬಂದೆ,” ಎಂದು ಮೆಲ್ಲಗೆ ಹೇಳಿದ. ಕಣ್ಣು ಮತ್ತೆ ಗುಳ್ಳೆಗಳ ಕಡೆಗೆ ಹೋಯಿತು.

ಸಿಲಿಂಡರಿನ ಗಾಳಿ ತೀರುತ್ತ ಬಂದಾಗ ಸ್ವಪ್ನಿಲ್, ಮಾಧುರಿ ದೋಣಿಯ ಬಳಿ ಎದ್ದರು. ಸ್ವಪ್ನಿಲ್ ಮಾಸ್ಕ್ ಹಣೆಗೇರಿಸಿ ಕೂಗಿದ: “ಕಾಕಾ! ಆಮೆ ನೋಡಿದ್ರಿಲ್ಲೋ? ಎಷ್ಟ್ ದೊಡ್ಡದಿತ್ತು! ನಮ್ಮ ಹಿಂದs ಇದ್ದಿರಲ್ಲಾ ನೀವು!”

ಚನ್ನವೀರ ಆ ಮುಖ ನೋಡಿದ. ಕಪಟವಿಲ್ಲದ ಸಂತೋಷ. ನಿಜ ಹೇಳಿದರೆ ಹುಡುಗ ನಾಚಿಕೊಳ್ಳುತ್ತಾನೆ, ಮಾಧುರಿ ಕಣ್ಣೀರು ಹಾಕುತ್ತಾಳೆ, ಸದಾನಂದ ಎಲ್ಲರೆದುರು ಬೈಯುತ್ತಾನೆ. ಆಮೇಲೆ ಅವರು ಹಿಂತಿರುಗಿ ನೋಡುತ್ತಾರೆ, ನಿಜ. ಬೈಗುಳಕ್ಕೆ ಹೆದರಿ ನೋಡುತ್ತಾರೆ.

“ಹೌದಪ್ಪಾ. ಹಿಂದs ಇದ್ದೆ. ಭಾಳ ದೊಡ್ಡದಿತ್ತು,” ಎಂದ.

ಸ್ವಪ್ನಿಲ್ ನೀರಿನಿಂದಲೇ ಬೆರಳು ಕೂಡಿಸಿ ಉಂಗುರ ತೋರಿಸಿದ: ಸರಿ ಇದ್ದೀರಾ? ಚನ್ನವೀರನೂ ಉಂಗುರ ಮಾಡಿ ತೋರಿಸಿದ. ಆ ಸನ್ನೆಯಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

ಮಧ್ಯಾಹ್ನ ಎರಡನೆಯ ಸಲ ಇಳಿಯುವಾಗ ಅವನು ಕಿವಿನೋವೆಂದು ದೋಣಿಯಲ್ಲೇ ಉಳಿದ. ಎಲ್ಲರೂ ಇಳಿದು ಗುಳ್ಳೆಗಳು ದೂರವಾದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಅಂಗಿ ತೊಟ್ಟ, ಗುಂಡಿ ಹಾಕಿದ, ಕೈ ಹಿಂದೆ ಮಾಡಿ ಕಾಲರು ಮಡಿಸಿದ. ಆಮೇಲೆ ಅಂಗಿಯ ಮೇಲಿಂದ ಕರಡಿಗೆಯನ್ನು ತನ್ನದೇ ಅಂಗೈಯಿಂದ ಒತ್ತಿ ನೋಡಿದ.

“ಎಲ್ಲಾ ಬರೋಬರಿ ಅದ,” ಎಂದ.

ದೋಣಿಯವನಿಗೆ ಕನ್ನಡ ಬಾರದು. ತನಗೇ ಏನೋ ಹೇಳಿದನೆಂದು ತಿಳಿದು ಕತ್ತೆತ್ತಿ ನೋಡಿದ. ಚನ್ನವೀರ ಏನೂ ಇಲ್ಲವೆಂದು ಕೈಯಾಡಿಸಿದ.