ಒಡೆಯದ ಕಡಬು

ಮೊಮ್ಮಗಳಿಗೆ ಗೋಧಿ ಆಗಿಬರುವುದಿಲ್ಲವೆಂದು ಡಾಕ್ಟರು ಹೇಳಿದ ಸಂಜೆಯೇ ಜಮಖಂಡಿಯ ನಮ್ಮ ಮನೆಯಿಂದ ಗೋಧಿಯನ್ನು ಗಡಿಪಾರು ಮಾಡುವ ಠರಾವು ಪಾಸಾಯಿತು. ಅಧ್ಯಕ್ಷತೆ ನನ್ನದು. ಚಪಾತಿ, ಶಾವಿಗೆ, ರವೆ, ಬಿಸ್ಕೀಟು, ಎಲ್ಲವೂ ಹೊರಬಿದ್ದವು. ಚಿಟಿಕೆ ಗೋಧಿ ಹೊಟ್ಟೆಗೆ ಹೋದರೂ ಅವಳ ಕರುಳು ಕೆಡುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಆರು ವರ್ಷದವಳು ನಾಲ್ಕು ವರ್ಷದವಳಂತೆ ಕಾಣುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಬದುಕಿರುವವರೆಗೆ ಪಥ್ಯವೊಂದೇ ಮದ್ದು.

ನಮ್ಮ ಕಡೆ ಹಬ್ಬವೆಂದರೆ ಹೋಳಿಗೆ, ಹೋಳಿಗೆಯೆಂದರೆ ಗೋಧಿ. ಆ ಯುಗಾದಿಗೆ ಅವಳು ಬರೀ ಹೂರಣವನ್ನು ಬಟ್ಟಲಲ್ಲಿ ಹಾಕಿಕೊಂಡು ತಿಂದಳು. ನಾನೂ ಹಾಗೇ ತಿಂದೆ.

"ಅಜ್ಜಾ, ನಿನಗೂ ಡಾಕ್ಟರ್ ಹೇಳ್ಯಾರೇನು?"

"ಇಲ್ಲವ್ವಾ. ನಿನ್ನ ಪಂಕ್ತ್ಯಾಗ ಒಬ್ಬರರ ಇರಬೇಕಲ್ಲ."

ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಕಾಯಿದೆ ಜಾರಿಗೆ ಬಂತು. ಮಂದಿಯ ಮನೆಯಲ್ಲಿ ಏನನ್ನೇ ಬಾಯಿಗಿಡುವ ಮೊದಲು ಅವಳು ನನ್ನ ಮುಖ ನೋಡುವುದು, ನಾನು ತಲೆಯಾಡಿಸುವುದು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಈ ತಲೆಗೆ ಅಷ್ಟು ಬೆಲೆ ಮೊದಲೆಂದೂ ಬಂದಿರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅಂದು ಹೊಲಕ್ಕೆ ಹೋಗಿ, ಒಯ್ದ ಅಡುಗೆಯನ್ನು ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು ಪದ್ಧತಿ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಬದನೆಕಾಯಿ. ಡಾಕ್ಟರ ಚೀಟಿ ನೋಡಿಯೇ ಈ ಹಬ್ಬ ಮಾಡಿದ್ದಾರೇನೋ ಅನ್ನಬೇಕು. ತಕರಾರಿನದು ಗೋಧಿ ಹಿಟ್ಟಿನ ಕಡಬು ಒಂದೇ. ಸಾವಳಗಿಯಲ್ಲಿರುವ ನಮ್ಮಕ್ಕನ ಹೊಲದಲ್ಲಿ ಪ್ರತಿವರ್ಷ ನಮ್ಮ ಊಟ. ಅವಳಿಗೆ ಫೋನು ಮಾಡಿದೆ.

"ಅಕ್ಕಾ, ಕಡಬ ಜೋಳದ ಹಿಟ್ಟಿಂದು ಮಾಡಬೇ. ಗೋದಿ ಮುಟ್ಟಬ್ಯಾಡ."

"ಎಷ್ಟ ಸಲಾ ಹೇಳ್ತಿಯೋ ತಮ್ಮಾ? ರಿಟೈರ್ ಆದ್ರೂ ಮಗ್ಗಿ ಹೇಳಸೂದ ಬಿಡವಲ್ಲಿ."

ನನ್ನನ್ನು ಕಂಕುಳಲ್ಲಿ ಎತ್ತಿ ಆಡಿಸಿದ ಅಕ್ಕ. ಸೊಸೆಗೆ ಅಂದು ಕೆಲಸದಿಂದ ರಜೆ ಇರಲಿಲ್ಲ. "ಮಾವಾರ, ಆಕಿಗೊಂದು ಡಬ್ಬಿ ಕಟ್ಟಿ ಕೊಡ್ಲೇನ್ರಿ?" ಎಂದಳು. "ಏನೂ ಬ್ಯಾಡ, ಅಕ್ಕಗ ಹೇಳೇನಿ" ಎಂದೆ.

ಹೊಲದಲ್ಲಿ ಅಕ್ಕ ಬುಟ್ಟಿಯ ಅರಿವೆ ಸರಿಸಿದಳು. ಅವಳ ಬೀಗರೂ ಬಂದಿದ್ದರು. ಕಡಬುಗಳು ಅಂಚಿಗೆ ಸಣ್ಣ ನಿರಿಗೆ ಹಿಡಿದುಕೊಂಡು ಮಲಗಿದ್ದವು, ಒಂದೂ ಒಡೆದಿರಲಿಲ್ಲ. ಜೋಳದ ಹಿಟ್ಟಿಗೆ ಜಿಗಿ ಇಲ್ಲ, ಅದರ ಕಡಬು ಹಬೆಗೆ ಬಿರಿದು ಹೂರಣ ಹೊರಗೆ ಇಣುಕುತ್ತದೆ. ಇದು ನಮ್ಮ ಸೀಮೆಯಲ್ಲಿ ನಿನ್ನೆ ಮದುವೆಯಾಗಿ ಬಂದ ಸೊಸೆಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ಎದ್ದು ನಿಂತು ಭಾಷಣ ಮಾಡಿದೆ.

"ನೋಡ್ರಿ, ಜೋಳದ ಕಡಬ ಅಂದ್ರ ಹಿಂಗಿರಬೇಕು! ಒಂದರ ಒಡದೈತೇನು? ನಮ್ಮಕ್ಕನ ಕೈಗೆ ಬಂಗಾರದ ಬಳಿ ಹಾಕಬೇಕ್ರಿ!"

"ಸಾಕ ಬಿಡೋ, ಉಣ್ಣಾಕ ಕೂಡು" ಎಂದವಳೇ ಅಕ್ಕ ನೀರು ತರಲು ಹೋದಳು. ವಿನಯ ಎಂದುಕೊಂಡೆ.

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ತುಪ್ಪ ಹಚ್ಚಿಕೊಂಡು ಮೂರು ತಿಂದಳು.

"ಅಜ್ಜಾ, ಎಲ್ಲಾರ್ದೂ ನಂದೂ ಒಂದ ಥರಾ ಐತಿ ಇವತ್ತು!"

ಸಂಜೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆಯೇ ವಾಂತಿ ಮಾಡಿಕೊಂಡಳು. ಆಮೇಲೆ ಒಂದು ವಾರ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಮರುದಿನವೇ ಅಕ್ಕನಿಗೆ ಫೋನು ಮಾಡಿದ್ದೆ.

"ಖರೆ ಹೇಳಬೇ ಅಕ್ಕಾ."

ಅಕ್ಕ ಒದರುತ್ತಿದ್ದ ಎಮ್ಮೆಯನ್ನು ಗದರಿಸಿದಳು. "ಒಂದ ಹಿಡಿ ಗೋದಿ ಹಿಟ್ಟ ಹಾಕೇನೋ. ಒಡದ ಕಡಬ ಭೂಮಿತಾಯಿ ಮುಂದ ಹೆಂಗ ಇಡ್ಲಿ? ಬೀಗರು ಏನಂದಾರು?"

"ಆಕಿಗೆ ನಾಕ ಬ್ಯಾರೆ ಮಾಡಬೇಕಿತ್ತಲ್ಲ!"

"ಹಬ್ಬದ ದಿನ ಕೂಸಿಗೆ ಬ್ಯಾರೆ ಬಡಸ್ಲೇನೋ? ನನ್ನ ಮನಸ್ಸ ಒಪ್ಪಲಿಲ್ಲ. ಒಂದ ಹಿಡಿಲೆ ಏನಾಗತೈತಿ ಅಂದ್ಕೊಂಡೆ."

"ನಾ ಅಷ್ಟು ಹೊಗಳೂ ಮುಂದ ಒಂದ ಮಾತರ ಹೇಳಬಾರದಿತ್ತಾ?"

"ನೀ ಅಷ್ಟು ಹೊಗಳಿದಿ ನೋಡ, ಅದಕ್ಕ ಹೇಳಾಕ ಬಾಯಿ ಬರಲಿಲ್ಲ."

ಬೆನ್ನಿಗೆ ಚೂರಿ ಹಾಕಿಸಿಕೊಂಡವನ ಗತ್ತಿನಲ್ಲಿ ಮೂರು ದಿನ ಮನೆಯಲ್ಲಿ ತಿರುಗಾಡಿದೆ. ನನಗೆ ಪೂರ್ತಿ ದ್ರೋಹವಾಗಿತ್ತು, ಅದರಲ್ಲಿ ಯಾರಿಗೂ ಪಾಲು ಕೊಡುವ ಮನಸ್ಸಿರಲಿಲ್ಲ. ನಾಲ್ಕನೆಯ ದಿನ ಮೊಮ್ಮಗಳ ಹಾಸಿಗೆಯ ಬದಿಗೆ ಕೂತು ಫಿರ್ಯಾದಿ ಸಲ್ಲಿಸಿದೆ.

"ಸಾವಳಗಿ ಆಯಿ ನಮಗ ಸುಳ್ಳ ಹೇಳಿದ್ಳವ್ವಾ."

ಅವಳು ಗೋಡೆಯ ಕಡೆ ಹೊರಳಿದಳು. "ಆಯಿ ನನಗೇನೂ ಹೇಳಿಲ್ಲ. ನೀ ತಲಿ ಅಲ್ಲಾಡಿಸಿದಿ."

ಈ ಸಲದ ಎಳ್ಳ ಅಮಾವಾಸ್ಯೆಗೆ ಅಕ್ಕ ಜೋಳವನ್ನು ಮನೆಯಲ್ಲೇ ಬೀಸಿ, ಹೊಸ ಪಾತ್ರೆಯಲ್ಲಿ ಕಡಬು ಮಾಡಿದಳು. ನಾನು ಹಿಂದಿನ ದಿನವೇ ಹೋಗಿ, ಪೊಲೀಸರಂತೆ ಒಲೆಯ ಮುಂದೆ ಕೂತಿದ್ದೆ. ಎಲ್ಲ ಕಡಬುಗಳೂ ಬಿರಿದು ಹೂರಣ ಸೋರುತ್ತಿತ್ತು. ಮರುದಿನ ಸೊಸೆಯೂ ರಜೆ ಹಾಕಿ, ಮೊಮ್ಮಗಳನ್ನು ಕರೆದುಕೊಂಡು ಹೊಲಕ್ಕೆ ಬಂದಳು. ಬೀಗರಿಗೂ ಅವನ್ನೇ ಬಡಿಸಿದೆವು, ಭೂಮಿತಾಯಿಗೂ ಅವನ್ನೇ ಇಟ್ಟೆವು. ಅಕ್ಕ ತಲೆ ಎತ್ತದೆ ಒಂದನ್ನು ಮೊಮ್ಮಗಳ ತಾಟಿಗೂ ಹಾಕಿದಳು.

ಮೊಮ್ಮಗಳು ಅದನ್ನು ಕೈಯಲ್ಲಿ ಹಿಡಿದಳು. ನಾನು ರೂಢಿಯಂತೆ ತಲೆಯಾಡಿಸಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಆಚೆ ಪಂಪಿನ ಹತ್ತಿರ ಕೈ ತೊಳೆಯುತ್ತಿದ್ದ ಅವಳ ಅವ್ವ ಇತ್ತ ಬರುವವರೆಗೂ, ಬೆರಳಿಗೆ ಹೂರಣ ಮೆತ್ತಿಕೊಂಡು, ಬಾಯಿ ಮುಚ್ಚಿಕೊಂಡು ಕಾದಳು.