ವ್ಯಾಗನ್ ಒಕ್ಕಿದ ಹುರುಳಿ

ಚರಚರ, ಚರಚರ. ಒಣಗಿದ ಹುರುಳಿ ಗಿಡ ಕಾರಿನ ಹೊಟ್ಟೆಗೆ ಉಜ್ಜುವ ಸದ್ದು. ನೆನಪಾದರೆ ಇವತ್ತಿಗೂ ಒಳಗೊಳಗೇ ಖುಷಿ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಾಗಿದ್ದರೆ ‘ವಿಕೆಡ್’ ಎನ್ನುತ್ತಿದ್ದರು. ಅನ್ನಲಿ.

ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ಹೊಸಕೋಟೆ ಹತ್ತಿರ ಒಂದು ಕಾರು ಕಂಪನಿಯಲ್ಲಿ ಮ್ಯಾನ್ಯುಯಲ್ ಬರೆಯಲು ಸೇರಿದ್ದೆ. ಹೊರದೇಶದ ದುಬಾರಿ ಸ್ಟೇಷನ್ ವ್ಯಾಗನ್ ಒಂದನ್ನು ನಮ್ಮ ರಸ್ತೆಗೆ ಒಗ್ಗಿಸುತ್ತಿದ್ದರು. ಸ್ಟೀರಿಂಗ್ ಬಲಕ್ಕೆ ಬಂತು, ಹಾರ್ನ್ ಜೋರಾಯಿತು. ನಮ್ಮಲ್ಲಿ ಓನರ್ ಕೂರುವುದು ಹಿಂದೆ ತಾನೇ? ಹಿಂದಿನ ಸೀಟು ಹೇಗಿದೆ ಎಂದು ಕೂತು ಹೇಳುವ ಕೆಲಸವೂ ನನ್ನದಾಯಿತು. ಅಟ್ ಮೈ ಏಜ್, ಯಾರಾದರೂ ಅಭಿಪ್ರಾಯ ಕೇಳುವುದೇ ದೊಡ್ಡದು. ಆ ಸೀಟು ನನಗೆ ಬಹಳ ಪ್ರೀತಿಯದಾಗಿತ್ತು.

ಒಂದು ಮೀಟಿಂಗಿನಲ್ಲಿ ಹೇಳಿದೆ: “ಗಾಡಿ ತೀರಾ ತಗ್ಗು. ನಂದಗುಡಿ ಕಡೆ ಹುರುಳಿ ಕಿತ್ತು ರಸ್ತೆ ಮೇಲೆ ಹರಡ್ತಾರೆ, ಓಡಾಡೋ ಗಾಡಿಗಳೇ ಒಕ್ಕಣೆ ಮಾಡ್ಲಿ ಅಂತ. ಅದು ಕೆಳಗೆ ಸುತ್ಕೊಂಡು ಬಿಸಿ ಪೈಪಿಗೆ ತಗುಲಿದ್ರೆ ಹೊತ್ಕೊಳ್ಳುತ್ತೆ. ಸ್ವಲ್ಪ ಎತ್ತರಿಸಿ.”

ಚೀಫ್ ಇಂಜಿನಿಯರ್, ನನ್ನ ಮಗನ ವಯಸ್ಸಿನವನು, ಕುರ್ಚಿಗೆ ಒರಗಿ ನಕ್ಕ. “ಆಂಟಿ, ಇದು ಪ್ರೀಮಿಯಂ ವ್ಯಾಗನ್, ನಿಮ್ಮೂರ ಟ್ರ್ಯಾಕ್ಟರ್ ಅಲ್ಲ. ಎತ್ತರಿಸಿದ್ರೆ ಲುಕ್ಕೇ ಹೋಗುತ್ತೆ. ನೀವು ಕಾಮಾ, ಫುಲ್‌ಸ್ಟಾಪ್ ನೋಡ್ಕೊಳ್ಳಿ ಸಾಕು.”

ಎಲ್ಲರೂ ನಕ್ಕರು. ಮಾರನೆಯ ದಿನ ನನ್ನ ಸೀಟಿನಲ್ಲಿ ಭಾರಕ್ಕೆಂದು ಮರಳಿನ ಚೀಲ ಕೂತಿತ್ತು, ಸೀಟ್‌ಬೆಲ್ಟ್ ಹಾಕಿಕೊಂಡು.

ಹುರುಳಿ ಕೀಳುವ ಕಾಲಕ್ಕೆ ಸರಿಯಾಗಿ ಹೊರದೇಶದ ದೊಡ್ಡ ಸಾಹೇಬರು ಗಾಡಿ ನೋಡಲು ಬಂದರು. ದಾರಿಯ ಜನರ ಮಾತನ್ನು ಅವರಿಗೆ ತಿಳಿಸಲು ನನ್ನ ಇಂಗ್ಲಿಷ್ ಬೇಕಾಯಿತು. ಚೀಲ ಇಳಿಯಿತು, ನಾನು ಹತ್ತಿದೆ. ಚೀಫ್ ಇಂಜಿನಿಯರ್ ತಾನೇ ಡ್ರೈವ್ ಮಾಡುತ್ತಿದ್ದ. ಹೈವೇ ಬಿಟ್ಟು ನಂದಗುಡಿ ಕಡೆ ತಿರುಗುವಾಗ ಕೇಳಿದ: “ರೋಡ್ ಹೇಗಿದೆ, ಆಂಟಿ?”

“ಟಾರು ಹೊಸದು. ನಿಮ್ಮ ಗಾಡಿಗೇನಪ್ಪಾ!” ಎಂದೆ. ಹುರುಳಿಯ ಮಾತು ಎತ್ತಲಿಲ್ಲ.

ಊರು ಬಂತು. ರಸ್ತೆ ತುಂಬ ಹುರುಳಿ. ಚರಚರ. ಅದೇನು ಸದ್ದು ಎಂದು ಸಾಹೇಬರು ಕೇಳಿದರು. “ಹಾರ್ವೆಸ್ಟ್, ಸರ್” ಎಂದೆ, ಪಕ್ಕಾ ಕಾನ್ವೆಂಟ್ ಉಚ್ಚಾರಣೆಯಲ್ಲಿ. ಸ್ವಲ್ಪ ಮುಂದೆ ಸುಟ್ಟ ವಾಸನೆ, ಕೆಳಗಿನಿಂದ ಹೊಗೆ. ಎಲ್ಲರಿಗಿಂತ ಮೊದಲು ಇಳಿದವಳು ನಾನು, ಹ್ಯಾಂಡ್‌ಬ್ಯಾಗ್ ಸಮೇತ.

ಹುರುಳಿ ಹರಡಿದ್ದ ಹೆಂಗಸು ಓಡಿಬಂದು ಬಿಂದಿಗೆ ನೀರು ಸುರಿದಳು. ಹೊಗೆ ನಿಂತಿತು, ಅವಳ ಬಾಯಿ ನಿಲ್ಲಲಿಲ್ಲ. “ಏನಪ್ಪಾ, ತುಳ್ಕೊಂಡು ಹೋಗು ಅಂದ್ರೆ ಕಟ್ಕೊಂಡೇ ಹೋಗ್ತೀಯಾ? ಬಿಚ್ಚಿ ಕೊಡು ನನ್ ಹುಳ್ಳಿ!”

ಅವನು ನನ್ನ ಕಡೆ ತಿರುಗಿದ. “ನಿಮಗೆ ಗೊತ್ತಿತ್ತು, ಆಂಟಿ.”

“ನಿಮಗೂ ಗೊತ್ತಿತ್ತು. ಹೇಳಿದ್ನಲ್ಲಾ.”

ಏನು ಮಾತು ಎಂದರು ಸಾಹೇಬರು. ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ: ನನ್ನ ಎಚ್ಚರಿಕೆ, ಅವನ ಟ್ರ್ಯಾಕ್ಟರ್, ಮರಳಿನ ಚೀಲ. ಕಾಮಾ, ಫುಲ್‌ಸ್ಟಾಪ್ ಕೂಡ ಬಿಡಲಿಲ್ಲ. ಸಾಹೇಬರು ಅವನೊಡನೆ ಮತ್ತೆ ಮಾತಾಡಲಿಲ್ಲ. ಮರುದಿನದಿಂದ ಅವನೂ ಆಫೀಸಿಗೆ ಬರಲಿಲ್ಲ.

ಹಾಗಾಗಿ ಅವನನ್ನು ಕೊನೆಯ ಸಲ ನೋಡಿದ್ದು ಆ ಹುರುಳಿ ರಸ್ತೆಯಲ್ಲೇ. ಆಫೀಸಿನಿಂದ ಬಂದ ಇನ್ನೊಂದು ಕಾರಿನ ಹಿಂದಿನ ಸೀಟಿನಲ್ಲಿ, ಸಾಹೇಬರ ಪಕ್ಕ ಕೂತು ತಿರುಗಿ ನೋಡಿದೆ. ಜಾಕ್ ಕೊಟ್ಟು ಕೊನೆಗೂ ಎತ್ತರಿಸಿದ್ದ ವ್ಯಾಗನ್. ಅದರಡಿಯಿಂದ ಪಾಲಿಶ್ ಮಾಡಿದ ಎರಡು ಶೂ ಚಾಚಿದ್ದವು. ಒಂದು ಕೈ ಹೊರಬಂದು, ಆ ಹೆಂಗಸು ಹಿಡಿದ ಮೊರಕ್ಕೆ ಹುರುಳಿ ಹಾಕುತ್ತಿತ್ತು.

“ಇನ್ನೂ ಐತೆ, ತೆಗಿ” ಎನ್ನುತ್ತಿದ್ದಳು ಅವಳು.